ಹಳೆಯ ಪಿಕಪ್‌ಗೆ ನ್ಯಾಯವಾದ ಬೆಲೆ: ಮೇಟಗಳ್ಳಿಯಿಂದ ಒಂದು ಟಿಪ್ಪಣಿ

ಮೈಸೂರಿನಲ್ಲಿ ಹಳೆಯ ಜಾವಾ ಬೈಕಿನ ಬೆಲೆ ವಿಚಾರಿಸಿದರೆ ನಾಲ್ಕು ಜನ ಹೇಳುವ ಮೊತ್ತಗಳು ಒಂದಕ್ಕೊಂದು ತೀರಾ ದೂರವಿರುವುದಿಲ್ಲ. ಅರ್ಧ ಶತಮಾನ ದಾಟಿದ ಪಿಕಪ್‌ ಬೆಲೆ ವಿಚಾರಿಸಿದರೆ ಒಬ್ಬರು ಗುಜರಿ ತೂಕದ ಲೆಕ್ಕ ಹೇಳುತ್ತಾರೆ, ಇನ್ನೊಬ್ಬರು ಹೊಸ ಕಾರಿನ ದುಡ್ಡು ಕೇಳುತ್ತಾರೆ. ಜಾವಾ ಇದೇ ಊರಿನ ಯಾದವಗಿರಿಯಲ್ಲಿ 1961ರಿಂದ ತಯಾರಾದ ಗಾಡಿ. ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಬಿಡಿಭಾಗ, ಮೆಕ್ಯಾನಿಕ್ಕು, ಸವಾರರ ಕೂಟ, ಜುಲೈ ತಿಂಗಳ ಎರಡನೇ ಭಾನುವಾರದ ಮೆರವಣಿಗೆ ಎಲ್ಲವೂ ಉಳಿದಿವೆ. ಕೈ ಬದಲಾಗುವ ಗಾಡಿಗಳು ಹೆಚ್ಚಾದಷ್ಟೂ ದರ ತಾನೇ ಒಂದು ಮಟ್ಟಕ್ಕೆ ಬಂದು ನಿಲ್ಲುತ್ತದೆ. ಪಿಕಪ್‌ಗೆ ಅಂಥ ಮಾರುಕಟ್ಟೆ ಇಲ್ಲ. ಹೋಲಿಸಿ ನೋಡಲು ಇನ್ನೊಂದು ಗಾಡಿಯೇ ಸಿಗದಿರುವಾಗ ಬೆಲೆಯನ್ನು ಕಟ್ಟುವುದು ಹೇಗೆ ಎಂಬುದಷ್ಟೇ ಈ ಟಿಪ್ಪಣಿಯ ವಿಷಯ.

ಮೇಟಗಳ್ಳಿಯನ್ನು ಆರಿಸಿಕೊಂಡದ್ದಕ್ಕೆ ಕಾರಣವಿದೆ. ಕೆಆರ್‌ಎಸ್ ರಸ್ತೆಯ ಈ ಹಳ್ಳಿಯ ಸುತ್ತ ಬೆಳೆದದ್ದು ಕಬ್ಬಿಣ ಮತ್ತು ರಬ್ಬರಿನ ಬದುಕು. ವಿಕ್ರಾಂತ್ ಟೈರ್ಸ್ ಎಂಬ ಹೆಸರಿನಲ್ಲಿ ಶುರುವಾಗಿ 1997ರಲ್ಲಿ ಜೆ.ಕೆ. ಸಮೂಹಕ್ಕೆ ಸೇರಿದ ಟೈರು ಕಾರ್ಖಾನೆ ಇಲ್ಲಿದೆ. ಆಚೆಗೆ ಹೆಬ್ಬಾಳ, ಹೂಟಗಳ್ಳಿ, ಬೆಳವಾಡಿಯ ಕೈಗಾರಿಕಾ ಪ್ರದೇಶಗಳು. ಲೇತು, ವೆಲ್ಡಿಂಗು, ಟಿಂಕರಿಂಗು ಬಲ್ಲವರಿಗೆ ಕೊರತೆಯಿಲ್ಲ. ಹೀಗಾಗಿ ಇಲ್ಲಿ ವ್ಯಾಪಾರದ ಮಾತು ಕಬ್ಬಿಣದಿಂದ ಶುರುವಾಗಿ ಕಬ್ಬಿಣದಲ್ಲೇ ಮುಗಿದುಬಿಡುತ್ತದೆ. ಆದರೆ ಇಂಥ ಗಾಡಿಯ ಬೆಲೆಯಲ್ಲಿ ದೊಡ್ಡ ಪಾಲು ಇರುವುದು ಕಾಗದದಲ್ಲಿ. ಅದರಲ್ಲೂ ಪಿಕಪ್ ಎಂಬ ಜಾತಿಗೆ ಕಾನೂನು ಕೊಟ್ಟಿರುವ ಸ್ಥಾನ ಜೀಪಿನದ್ದಕ್ಕಿಂತ ಕೆಳಗಿನದು. ಕೊಳ್ಳುವವರೂ ಮಾರುವವರೂ ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುತ್ತಿಲ್ಲ.

ಮೊದಲು ಗಾಡಿ ಯಾವುದು ಎಂದು ತೀರ್ಮಾನವಾಗಬೇಕು. ನಮ್ಮ ಕಡೆ ‘ಹಳೆಯ ವಿಲ್ಲಿಸ್ ಪಿಕಪ್’ ಎಂದು ಮಾರಾಟಕ್ಕೆ ಬರುವುದರಲ್ಲಿ ಕನಿಷ್ಠ ಮೂರು ಬೇರೆ ಬೇರೆ ವಂಶಗಳಿವೆ. 1947ರಿಂದ 1965ರವರೆಗೆ ಅಮೆರಿಕದಲ್ಲಿ ತಯಾರಾದ ವಿಲ್ಲಿಸ್ ಜೀಪ್ ಟ್ರಕ್ ಒಂದು. ಡ್ರೈವರ್ ಎಂಜಿನ್ನಿನ ಮೇಲೆಯೇ ಕೂರುವ, ಮೂತಿಯಿಲ್ಲದ ಎಫ್‌ಸಿ-150 ಇನ್ನೊಂದು. ಇದನ್ನು ಮಹೀಂದ್ರ 1960ರ ದಶಕದಲ್ಲಿ ಇಲ್ಲೇ ತಯಾರಿಸತೊಡಗಿತು. ಮೂರನೆಯದು ಮಹೀಂದ್ರ ಸಿಜೆ-3ಬಿ ಜೀಪಿನ ಹಿಂಭಾಗ ಕತ್ತರಿಸಿ, ಸ್ಥಳೀಯ ಬಾಡಿ ಕಟ್ಟುವವರ ಕೈಯಲ್ಲಿ ತೊಟ್ಟಿ ಕೂರಿಸಿಕೊಂಡದ್ದು. ಬಣ್ಣ ಬಳಿದ ಮೇಲೆ ಮೊದಲನೆಯದಕ್ಕೂ ಮೂರನೆಯದಕ್ಕೂ ವ್ಯತ್ಯಾಸ ತಿಳಿಯದವರುಂಟು. ಟೇಪು ಹಿಡಿದರೆ ಗೊತ್ತಾಗುತ್ತದೆ. ಮುಂದಿನ ಚಕ್ರದ ನಡುವಿನಿಂದ ಹಿಂದಿನ ಚಕ್ರದ ನಡುವಿಗೆ ವಿಲ್ಲಿಸ್ ಟ್ರಕ್‌ನಲ್ಲಿ 118 ಇಂಚು, ಸಿಜೆ-3ಬಿಯಲ್ಲಿ 80 ಇಂಚು, ಎಫ್‌ಸಿ-150ಯಲ್ಲಿ 81. ಮಹೀಂದ್ರದ ಉದ್ದನೆಯ ಸಿಜೆ-4ರಲ್ಲಿ 91. ಈ ಯಾವ ಅಳತೆಗೂ ಹೊಂದದ ಸಂಖ್ಯೆ ಬಂದರೆ ಗಾಡಿಯ ಕೆಳಗೆ ಮಲಗಿ ಚಾಸಿಸ್ ಪಟ್ಟಿಯನ್ನು ಉದ್ದಕ್ಕೂ ಸವರಿ ನೋಡಬೇಕು. ಎಲ್ಲೋ ಒಂದು ಕಡೆ ಕತ್ತರಿಸಿ ತುಂಡು ಸೇರಿಸಿದ ಬೆಸುಗೆ ಕೈಗೆ ಸಿಗುತ್ತದೆ. ಬೆಸುಗೆ ಎಷ್ಟೇ ಗಟ್ಟಿಯಾಗಿರಲಿ, ಅಂಥದಕ್ಕೆ ಸಂಗ್ರಾಹಕರ ಬೆಲೆ ಕೇಳಲು ಬಾರದು.

ಎರಡನೆಯ ಪರೀಕ್ಷೆ ನಂಬರಿನದು. ಚಾಸಿಸ್ ಸಂಖ್ಯೆಯ ಮೇಲೆ ತೆಳು ಕಾಗದವಿಟ್ಟು ಪೆನ್ಸಿಲ್ ಉಜ್ಜಿ ಅಚ್ಚು ತೆಗೆಯುವುದು ಆರ್‌ಟಿಒ ಕೆಲಸದ ಹಳೆಯ ರೂಢಿ. ಕೊಳ್ಳುವವರು ಇದನ್ನು ಮುಂಗಡ ಕೊಡುವ ಮೊದಲೇ ಮಾಡಿಕೊಳ್ಳುವುದು ಒಳ್ಳೆಯದು, ಏಕೆಂದರೆ ಕಣ್ಣಿಗೆ ಕಾಣದ್ದು ಪೆನ್ಸಿಲ್ಲಿಗೆ ಕಾಣುತ್ತದೆ. ಅಸಲಿ ಅಚ್ಚಿನಲ್ಲಿ ಅಂಕಿಗಳ ಆಳ ಒಂದೇ ಸಮ ಇರುತ್ತದೆ, ಸುತ್ತಲಿನ ಲೋಹದಲ್ಲಿ ತುಕ್ಕಿನ ಚುಕ್ಕೆಗಳು ಹೇಗೆಂದರೆ ಹಾಗೆ ಮೂಡುತ್ತವೆ. ಗ್ರೈಂಡರ್ ಹೊಡೆದು ಮತ್ತೆ ಕುಟ್ಟಿದ ಜಾಗದಲ್ಲಿ ಒಂದೇ ದಿಕ್ಕಿನ ಸಣ್ಣ ಗೀರುಗಳು ಸಾಲಾಗಿ ಬೀಳುತ್ತವೆ. ಒಂದು ಅಂಕಿ ಮೇಲಕ್ಕೆ, ಒಂದು ಕೆಳಕ್ಕೆ ಕುಳಿತಿರುತ್ತದೆ. ವಿಲ್ಲಿಸ್ ವಂಶದ ಪೆಟ್ರೋಲ್ ಎಂಜಿನ್ನಿನ ಸಂಖ್ಯೆ ಬ್ಲಾಕಿನ ಮುಂಭಾಗದಲ್ಲಿ, ನೀರಿನ ಪಂಪಿನ ಹಿಂದೆ ಉಬ್ಬಿಸಿ ಬಿಟ್ಟ ಜಾಗದಲ್ಲಿರುತ್ತದೆ. ಎರಡು ಸಂಖ್ಯೆಯೂ ಆರ್‌ಸಿಗೆ ತಾಳೆಯಾಗಬೇಕು. ಹಾಗೆಯೇ ಆರ್‌ಸಿಯಲ್ಲಿ ಬಾಡಿಯ ಬಗೆ ಎಂಬ ಕಲಂ ಇದೆ. ಹೆಚ್ಚಿನವರು ಅದರ ಕಡೆ ನೋಡುವುದೇ ಇಲ್ಲ. ಅಲ್ಲಿ ‘ಜೀಪ್’ ಎಂದಿದ್ದು ಮುಂದೆ ನಿಂತಿರುವುದು ತೊಟ್ಟಿಯ ಗಾಡಿಯಾಗಿದ್ದರೆ, ಅದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಅಡಿಯಲ್ಲಿ ಅನುಮತಿಯಿಲ್ಲದ ಮಾರ್ಪಾಡು.

ಇನ್ನು ಎಂಜಿನ್. ಇಲ್ಲಿ ಬೆಲೆಯ ಲೆಕ್ಕವೇ ತಲೆಕೆಳಗಾಗಿರುವುದನ್ನು ಸ್ವಲ್ಪ ನಿಂತು ನೋಡಬೇಕು. ಸಿಜೆ-3ಬಿಯ ಮೂಲ ಎಂಜಿನ್ ಹರಿಕೇನ್ ಎಫ್-134: ನಾಲ್ಕು ಸಿಲಿಂಡರ್, 2,199 ಸಿಸಿ, ಗಾಳಿ ಸೇರುವ ವಾಲ್ವು ಮೇಲೆ ಹೆಡ್ಡಿನಲ್ಲಿ, ಹೊಗೆ ಬಿಡುವ ವಾಲ್ವು ಕೆಳಗೆ ಬ್ಲಾಕಿನಲ್ಲಿ. ಎಂಜಿನ್ ಎತ್ತರವಾದ್ದರಿಂದಲೇ ಈ ಜೀಪಿನ ಬಾನೆಟ್ಟು ಮಿಲಿಟರಿ ಜೀಪಿಗಿಂತ ಎತ್ತರ. ಪೆಟ್ರೋಲನ್ನು ಧಾರಾಳವಾಗಿ ಕುಡಿಯುವ ಎಂಜಿನ್ ಇದು. 1973ರ ತೈಲ ಬಿಕ್ಕಟ್ಟಿನ ನಂತರ ಡೀಸೆಲ್‌ಗೆ ಹೋದವನೇ ಜಾಣ ಎನಿಸಿಕೊಂಡ. ಮಹೀಂದ್ರ ತಾನೇ ಟ್ರ್ಯಾಕ್ಟರಿನ ಡೀಸೆಲ್ ಎಂಜಿನ್ ಕೂರಿಸಿತು, 1980ರ ದಶಕದಲ್ಲಿ ಪ್ಯೂಜೊ ಎಕ್ಸ್‌ಡಿಪಿ ತಂದಿತು. ಊರ ಗ್ಯಾರೇಜುಗಳು ಮೆಟಡಾರ್ ಎಂಜಿನ್ ಇಳಿಸಿದವು. ಆ ಕಾಲಕ್ಕೆ ‘ಡೀಸೆಲ್ ಮಾಡಿಸಿದೆ’ ಎನ್ನುವುದು ಬೆಲೆ ಏರಿಸುವ ಮಾತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರದ ಮೇಲಿನ ಸರ್ಕಾರಿ ಹಿಡಿತ ಸಡಿಲವಾದ ಮೇಲೆ ಆ ಲಾಭ ಕರಗಿತು. 2019ರ ಜನವರಿ 9ರಂದು, ಕೇರಳದಿಂದ ಹೋದ ಪ್ರಕರಣವೊಂದರಲ್ಲಿ, ತಯಾರಕರು ನಿಗದಿಪಡಿಸಿದ ಮೂಲ ವಿವರಕ್ಕೆ ಹೊಂದದಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟು ಹೇಳಿತು. ಅಲ್ಲಿಗೆ, ಆರ್‌ಸಿಗೆ ಏರದ ಡೀಸೆಲ್ ಎಂಜಿನ್ ಒಂದು ಹೊರೆ. ಮೂವತ್ತು ವರ್ಷ ಗಾಡಿಯನ್ನು ಬದುಕಿಸಿದ ಮಾರ್ಪಾಡೇ ಇಂದು ಅದರ ಬೆಲೆ ಇಳಿಸುತ್ತಿದೆ. ಮೂಲೆಗೆ ಬಿಸಾಕಿದ್ದ ಹಳೆಯ ಪೆಟ್ರೋಲ್ ಬ್ಲಾಕು ಗುಜರಿಗೆ ಹೋಗದೆ ಗೋಣಿಚೀಲದಡಿ ಉಳಿದಿದ್ದರೆ ಅದರ ಮರ್ಯಾದೆ ಬೇರೆ. ಆದರೂ ಬೋರ್ ಅಳೆಯದೆ ಕೊಳ್ಳಬಾರದು. ಮೂಲ ಅಳತೆ ಮೂರೂ ಎಂಟನೇ ಒಂದು ಇಂಚು. ‘ನಲವತ್ತು ಸೈಜ್’ ತನಕ ಕೊರೆದಾಗಿದ್ದರೆ ಮುಂದೆ ಸ್ಲೀವ್ ಹಾಕಿಸದೆ ವಿಧಿಯಿಲ್ಲ.

ಈಗ ಕಾನೂನಿನ ಮಾತು. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈಯಲ್ಲಿ ವಿಂಟೇಜ್ ವಾಹನಗಳಿಗೆಂದೇ ನಿಯಮ ತಂದಿತು. ಮೊದಲ ನೋಂದಣಿಯಾಗಿ 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಎಂಜಿನ್‌ಗಳಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ಹೊಸ ನೋಂದಣಿಗೆ 20,000 ರೂಪಾಯಿ, 10 ವರ್ಷ ಸಿಂಧು, ನಂಬರಿನಲ್ಲಿ ‘ವಿಎ’ ಅಕ್ಷರ. ಬಾಡಿಗೆಗೋ ದಿನನಿತ್ಯದ ಓಡಾಟಕ್ಕೋ ಬಳಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ಸಂಶೋಧನೆ, ಇಂಧನ ತುಂಬಿಸುವುದು, ರಿಪೇರಿ ಇವಕ್ಕಷ್ಟೇ ರಸ್ತೆಗಿಳಿಸಬಹುದು. ಪತ್ರಿಕೆಗಳಲ್ಲಿ ಇಷ್ಟು ಚೆನ್ನಾಗಿಯೇ ಬಂದಿತ್ತು. ಕಣ್ತಪ್ಪಿದ್ದು ವರ್ಗಗಳ ವಿಚಾರ. ನಿಯಮ ಅನ್ವಯವಾಗುವುದು ಎಲ್-1, ಎಲ್-2 ಎಂಬ ದ್ವಿಚಕ್ರ ವರ್ಗಗಳಿಗೆ ಮತ್ತು ಎಂ-1 ಎಂಬ ಪ್ರಯಾಣಿಕ ಕಾರು ವರ್ಗಕ್ಕೆ. ಸರಕು ಸಾಗಿಸುವ ಪಿಕಪ್ ಸೇರುವುದು ಎನ್-1ಕ್ಕೆ. ಅಂದರೆ ಯಾದವಗಿರಿಯ ಜಾವಾಗೆ ಬಾಗಿಲು ತೆರೆದಿದೆ. ಮೂಲ ಪೆಟ್ರೋಲ್ ಎಂಜಿನ್ ಉಳಿಸಿಕೊಂಡ ಸಿಜೆ-3ಬಿ ಜೀಪಿಗೂ ತೆರೆದಿದೆ. ಅದೇ ಕಾರ್ಖಾನೆಯ, ಅದೇ ವಯಸ್ಸಿನ, ಅದೇ ಎಂಜಿನ್ನಿನ ಪಿಕಪ್, ಸರಕು ವಾಹನವೆಂದು ನೋಂದಾಯಿಸಲ್ಪಟ್ಟಿದ್ದರೆ, ಹೊರಗೇ ನಿಲ್ಲುತ್ತದೆ. ಊರಿನ ದುಡಿಮೆಯನ್ನೆಲ್ಲ ಹೊತ್ತ ಗಾಡಿಗೆ ಈ ಅವಮಾನ ಯಾಕೆ ಎಂದು ಕೇಳಬಹುದು, ಆದರೆ ಬೆಲೆ ಕಟ್ಟುವವರು ನಿಯಮ ಇದ್ದಂತೆ ಓದಬೇಕು.

ಹೊರಗೆ ನಿಂತ ಪಿಕಪ್‌ಗೆ ಉಳಿಯುವುದು ಸಾಮಾನ್ಯ ಸರಕು ವಾಹನದ ದಾರಿ. ಒಟ್ಟು ತೂಕ 3,000 ಕೆಜಿ ಮೀರದಿದ್ದರೆ ಪರ್ಮಿಟ್ ಬೇಡ, ಕಾಯ್ದೆಯ 66ನೇ ಕಲಂ ವಿನಾಯಿತಿ ಕೊಟ್ಟಿದೆ. ಆದರೆ ಎಫ್‌ಸಿ, ಅಂದರೆ ಗಾಡಿಯ ಸುಸ್ಥಿತಿ ಪ್ರಮಾಣಪತ್ರ, ತಪ್ಪುವುದಿಲ್ಲ: ಎಂಟು ವರ್ಷ ದಾಟಿದ ಸಾರಿಗೆ ವಾಹನಕ್ಕೆ ಅದು ವರ್ಷವರ್ಷದ ಕೆಲಸ, ಹಳತಾದಷ್ಟೂ ಶುಲ್ಕ ಏರುತ್ತದೆ, ಗಡುವು ಮೀರಿದರೆ ದಿನಕ್ಕೆ 50 ರೂಪಾಯಿ ಬೇರೆ. ಈ ಖರ್ಚನ್ನು ಒಂದು ಸಲದ್ದೆಂದು ಎಣಿಸದೆ, ಗಾಡಿ ಇರುವಷ್ಟು ಕಾಲದ್ದೆಂದು ಎಣಿಸಬೇಕು.

ವಿಮೆಯವರ ಸವಕಳಿ ಪಟ್ಟಿ ನಮ್ಮ ಕೆಲಸಕ್ಕೆ ಬಾರದು. ಐದು ವರ್ಷಕ್ಕೆ ಶೇ 50ರವರೆಗೆ ಅದು ಲೆಕ್ಕ ಹೇಳುತ್ತದೆ, ಆಮೇಲೆ ವಿಮಾ ಕಂಪನಿಯೂ ಮಾಲೀಕರೂ ಮಾತಾಡಿಕೊಳ್ಳಿ ಎಂದು ಕೈಬಿಡುತ್ತದೆ.

ಹಾಗಾದರೆ ಲೆಕ್ಕ ಹೇಗೆ? ಕೆಳಗಿನ ಮೊತ್ತಗಳು ಮಾರುಕಟ್ಟೆಯ ದರಗಳಲ್ಲ, ರೀತಿ ತೋರಿಸಲು ಇಟ್ಟುಕೊಂಡವು. ಗಾಡಿ 1,300 ಕೆಜಿ ತೂಗುತ್ತದೆ, ಗುಜರಿ ದರ ಕೆಜಿಗೆ 30 ರೂಪಾಯಿ ಎನ್ನೋಣ: 39,000. ಇದು ನೆಲ, ಇದಕ್ಕಿಂತ ಕೆಳಗೆ ಮಾರುವವರು ಇಳಿಯುವುದಿಲ್ಲ. ಅಂಥದೇ ಗಾಡಿ ಪೂರ್ತಿ ಸಿದ್ಧವಾಗಿ, ಕಾಗದ ಸರಿಯಾಗಿ ನಿಂತರೆ 5 ಲಕ್ಷ ಎನ್ನೋಣ. ಅದರಲ್ಲಿ ಚಾಸಿಸ್ ಮತ್ತು ಬಾಡಿಗೆ 1,10,000, ಎಂಜಿನ್‌ಗೆ 90,000, ಟೈರು, ಬ್ರೇಕು, ವೈರಿಂಗಿಗೆ 60,000, ಕಾಗದಕ್ಕೆ 25,000 ಕಳೆಯಿರಿ. ಉಳಿಯುವುದು 2,15,000. ಬಿಚ್ಚಿದ ಮೇಲೆ ಕಾಣುವ ಖರ್ಚಿಗೆ ಇನ್ನೊಂದು 50,000 ತೆಗೆದಿಡಿ. ಇದನ್ನು ತೆಗೆದಿಡದೆ ಗಾಡಿ ಕೊಂಡವರ ಪಿಕಪ್‌ಗಳೇ ಅರ್ಧ ಬಿಚ್ಚಿದ ಸ್ಥಿತಿಯಲ್ಲಿ ಮತ್ತೆ ಮಾರಾಟಕ್ಕೆ ಬರುವುದು. ಉಳಿದ 1,65,000 ಇದರ ಚಾವಣಿ. ಈಗ ಕಾಗದದ ಪ್ರಶ್ನೆ. ಆರ್‌ಸಿ ಕಳೆದಿದೆ, ಹಳೆಯ ‘ಎಂವೈ’ ನಂಬರಿನ ದಾಖಲೆ ಆರ್‌ಟಿಒದಲ್ಲಿ ಸಿಕ್ಕರೂ ಸಿಗಬಹುದು, ಸಿಗದೆಯೂ ಇರಬಹುದು ಎಂದಾದರೆ ನೆಲ ಮತ್ತು ಚಾವಣಿಯ ನಡುವೆ ನಿಲ್ಲುವುದು ನ್ಯಾಯ: 1,02,000. ದಾಖಲೆ ಸಿಗುವುದೇ ಇಲ್ಲವೆಂದು ಖಚಿತವಾದರೆ ನೇರವಾಗಿ 39,000. ಕಬ್ಬಿಣ ಮೂರೂ ಸಂದರ್ಭದಲ್ಲಿ ಒಂದೇ ಎಂಬುದನ್ನು ಗಮನಿಸಿ.

ಮಾರುವವರಿಗೂ ಒಂದು ಮಾತು ಅನ್ವಯಿಸುತ್ತದೆ. ವರ್ಗಾವಣೆ ದಾಖಲಾಗುವ ತನಕ ಅಪಘಾತದ ಪರಿಹಾರದ ಹೊಣೆ ನೋಂದಾಯಿತ ಮಾಲೀಕರದ್ದೇ ಎಂದು ಸುಪ್ರೀಂ ಕೋರ್ಟು 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸ್ಪಷ್ಟಪಡಿಸಿದೆ. ಖಾಲಿ 29, 30ನೇ ನಮೂನೆಗೆ ಸಹಿ ಹಾಕಿ ಕೈತೊಳೆದುಕೊಳ್ಳುವ ರೂಢಿ ಮಾರುವವರಿಗೇ ಅಪಾಯ. ಆದ್ದರಿಂದ ವರ್ಗಾವಣೆ ಮುಗಿದ ಮೇಲೆ ಕೊನೆಯ ಕಂತು ಎಂಬ ಕರಾರು ಇಬ್ಬರಿಗೂ ಕ್ಷೇಮ.

ನನ್ನ ತೀರ್ಮಾನ ಇಷ್ಟು: ಎನ್-1 ವರ್ಗ ವಿಂಟೇಜ್ ನಿಯಮದೊಳಗೆ ಬರುವವರೆಗೆ, ಸರಕು ವಾಹನವೆಂದು ನೋಂದಾಯಿತವಾದ ಪಿಕಪ್‌ಗೆ ಅದೇ ಕಾಲದ ಜೀಪಿನ ಬೆಲೆ ಕೇಳುವುದು ನ್ಯಾಯವಲ್ಲ, ಕೊಡುವುದು ಜಾಣತನವಲ್ಲ. ಈ ಲೆಕ್ಕದಲ್ಲಿ ದುರ್ಬಲವಾಗಿರುವ ಕೊಂಡಿ ‘ಸಿದ್ಧ ಗಾಡಿಯ ಬೆಲೆ’. ಅದನ್ನು ಗಟ್ಟಿ ಮಾಡಲು ನಿಜವಾಗಿ ನಡೆದ ವ್ಯಾಪಾರಗಳ ದಾಖಲೆ ಬೇಕು. ಮೇಟಗಳ್ಳಿ, ಹೆಬ್ಬಾಳ, ಹೂಟಗಳ್ಳಿಯ ಗ್ಯಾರೇಜಿನವರಲ್ಲಿ, ಹಳೆಯ ಮಾಲೀಕರ ಮನೆಗಳಲ್ಲಿ ಛಾಪಾ ಕಾಗದದ ಮಾರಾಟ ಕರಾರು, ಬಾಡಿ ಕಟ್ಟಿಸಿದ ಬಿಲ್ಲು, ಪೆನ್ಸಿಲ್ ಅಚ್ಚಿನ ಚೀಟಿ ಇದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ತಾರೀಖು ಮತ್ತು ಮೊತ್ತ ಕಾಣುವಂತೆ ಒಂದು ಫೋಟೊ ತೆಗೆದಿಡಿ.