ಏನ್ ರಗಳೆ ಮಾರಾಯ!

ಬ್ಯಾಂಕಿನಲ್ಲಿ ಸಹಿ ತಾಳೆಯಾಗದಿದ್ದರೆ ರಗಳೆ. ಮದುವೆಮನೆಯಲ್ಲಿ ಬೀಗರು ಮುನಿಸಿಕೊಂಡರೆ ರಗಳೆ. ಹಟ ಹಿಡಿದ ಮಗುವಿಗೆ ‘ರಗಳೆ ತೆಗೀಬೇಡ’ ಎನ್ನುತ್ತೇವೆ. ಸೈಟಿನ ಪತ್ರ ಸರಿಯಿಲ್ಲವೆಂದು ಗೊತ್ತಾದರೆ ‘ಆ ರಗಳೆಯೇ ಬೇಡ’ ಎಂದು ಎದ್ದು ಬರುತ್ತೇವೆ. ಹೀಗೆ ದಿನವಿಡೀ ಬಾಯಲ್ಲಿರುವ ಮಾತು ಹೈಸ್ಕೂಲಿನ ವ್ಯಾಕರಣದಲ್ಲಿ ಛಂದಸ್ಸಿನ ಹೆಸರಾಗಿ ಎದುರಾದರೆ ಮಕ್ಕಳು ಮುಸಿಮುಸಿ ನಗದೆ ಇನ್ನೇನು ಮಾಡಿಯಾರು?

ಸಾಹಿತ್ಯದಿಂದ ಬೀದಿಗಿಳಿದು ಹೆಸರು ಕೆಡಿಸಿಕೊಂಡ ಪದಗಳು ಇನ್ನೂ ಇವೆ. ಪುರಾಣ ಬಿಚ್ಚುವವರಿದ್ದಾರೆ, ನಾಟಕ ಆಡುವವರಿದ್ದಾರೆ, ತನಿಖೆಯೆಂಬ ಪ್ರಹಸನ ನಡೆಸುವವರಂತೂ ಪತ್ರಿಕೆಯಲ್ಲಿ ಸಿಕ್ಕೇ ಸಿಗುತ್ತಾರೆ. ಆದರೆ ‘ಕಂದಪದ್ಯ ಮಾಡಬೇಡ’, ‘ಷಟ್ಪದಿ ತೆಗೀಬೇಡ’ ಎಂದು ಯಾರೂ ಗದರಿದ್ದನ್ನು ನಾನು ಕೇಳಿಲ್ಲ. ರಗಳೆಗೆ ಮಾತ್ರ ಯಾಕೆ ಈ ಗತಿ?

ನನ್ನ ಊಹೆ ಇಷ್ಟು. ಕಂದಕ್ಕೆ, ವೃತ್ತಕ್ಕೆ ನಾಲ್ಕು ಸಾಲು. ಷಟ್ಪದಿಗೆ ಹೆಸರೇ ಹೇಳುವಂತೆ ಆರು. ರಗಳೆಗೆ ಮಾತ್ರ ಸಾಲಿನ ಲೆಕ್ಕವೇ ಇಲ್ಲ. ಮೂರು ಮಾತ್ರೆಯ ಗಣಗಳಾದರೆ ಉತ್ಸಾಹ, ನಾಲ್ಕಾದರೆ ಮಂದಾನಿಲ, ಐದಾದರೆ ಲಲಿತ; ಎರಡೆರಡು ಸಾಲಿಗೊಮ್ಮೆ ಪ್ರಾಸ ಕೂಡಿಸಿಕೊಂಡು ಕವಿಗೆ ದಣಿವಾಗುವವರೆಗೆ ಹೋಗಬಹುದು. ಕೇಳುವವನಿಗೆ ಮೊದಲು ದಣಿವಾದರೆ? ಅಲ್ಲಿಗೆ ಛಂದಸ್ಸು ಮುಗಿದು ಬೈಗುಳ ಶುರು.

ಪಂಪನ ಕಾವ್ಯಗಳಲ್ಲಿ ರಗಳೆ ನಡುನಡುವೆ ಬಂದು ಹೋಗುವ ನೆಂಟ. ಅದನ್ನು ಮನೆಯ ಯಜಮಾನನಾಗಿಸಿದವನು ಹಂಪೆಯ ಹರಿಹರ. ರಾಜರ ಕಥೆ ಬಿಟ್ಟು ಶಿವಶರಣರ ಬದುಕನ್ನು ಹೇಳಹೊರಟವನಿಗೆ ನಾಲ್ಕು ಸಾಲಿಗೊಮ್ಮೆ ನಿಲ್ಲುವ ವೃತ್ತ ಸಾಲದಾಯಿತು. ಕುಂಬಾರ ಗುಂಡಯ್ಯನ ರಗಳೆಯನ್ನೇ ನೋಡಿ. ಗುಂಡಯ್ಯ ಮಡಕೆ ಬಡಿದು ತಾಳ ಹಾಕುತ್ತಾನೆ, ಕುಣಿಯುತ್ತಾನೆ. ನೋಡುತ್ತಿದ್ದ ಶಿವನಿಗೂ ತಡೆಯಲಾಗದೆ ಅವನೂ ಕುಣಿಯುತ್ತಾನೆ. ಆ ಕುಣಿತವನ್ನು ಆರು ಸಾಲಿಗೆ ನಿಲ್ಲಿಸಿ ಉಸಿರು ತೆಗೆದುಕೊಳ್ಳುವುದು ಹೇಗೆ? ಹರಿಹರ ನಿಲ್ಲಿಸುವುದಿಲ್ಲ. ಪಂಡಿತರಿಗೆ ಇದು ರುಚಿಸಲಿಲ್ಲವೆಂದೂ, ‘ರಗಳೆಯ ಕವಿ’ ಎಂದು ಹೀಯಾಳಿಸಿದರೆಂದೂ, ಅದಕ್ಕೇ ಅವನು ಗಿರಿಜಾಕಲ್ಯಾಣವನ್ನು ಚಂಪುವಿನಲ್ಲಿ ಬರೆದು ತೋರಿಸಿದನೆಂದೂ ಪ್ರತೀತಿ. ಪ್ರತೀತಿ ನಿಜವೋ ಸುಳ್ಳೋ, ಪಂಡಿತರ ಸ್ವಭಾವಕ್ಕೆ ಒಪ್ಪುವಂತಿದೆ.

ಸೋದರಳಿಯ ರಾಘವಾಂಕನೇ ಮಾವನ ದಾರಿ ಬಿಟ್ಟು ಷಟ್ಪದಿ ಹಿಡಿದ. ಮುಂದೆ ಕುಮಾರವ್ಯಾಸ ಬಂದ ಮೇಲಂತೂ ಷಟ್ಪದಿಯದ್ದೇ ದರ್ಬಾರು.

ರಗಳೆಯ ಅದೃಷ್ಟ ತಿರುಗಿದ್ದು ಇಪ್ಪತ್ತನೆಯ ಶತಮಾನದಲ್ಲಿ. ಶೇಕ್ಸ್‌ಪಿಯರ್‌ನ ಪ್ರಾಸವಿಲ್ಲದ, ಸಾಲಿನಿಂದ ಸಾಲಿಗೆ ಹರಿಯುವ ಮಾತನ್ನು ಓದಿದ ನಮ್ಮ ಕವಿಗಳು ಅಂಥದ್ದೇ ನಡೆಯನ್ನು ಕನ್ನಡದಲ್ಲಿ ಹುಡುಕಿದರು. ಸಿಕ್ಕಿದ್ದು ಐದು ಮಾತ್ರೆಯ ಲಲಿತ ರಗಳೆ. ಪ್ರಾಸ ಕಳಚಿದರು, ವಾಕ್ಯ ಸಾಲಿನ ಕೊನೆಯಲ್ಲೇ ನಿಲ್ಲಬೇಕೆಂಬ ಕಟ್ಟು ಬಿಚ್ಚಿದರು, ‘ಸರಳ ರಗಳೆ’ ಎಂದರು. ಮಾಸ್ತಿಯವರ ‘ನವರಾತ್ರಿ’ಯ ಕಥೆಗಳು ಇದರಲ್ಲಿವೆ. ಕುವೆಂಪು ಇದರಲ್ಲಿ ನಾಟಕ ಬರೆದರು. ಇದನ್ನೇ ಹಿಗ್ಗಿಸಿ ಮಹಾಛಂದಸ್ಸು ಮಾಡಿಕೊಂಡು ‘ಶ್ರೀರಾಮಾಯಣ ದರ್ಶನಂ’ ಬರೆದರು. ಪಾತ್ರಗಳು ರಂಗದ ಮೇಲೆ ಮಾತಾಡಬೇಕಾದಾಗ, ಒಬ್ಬನ ಅರ್ಧ ಸಾಲನ್ನು ಇನ್ನೊಬ್ಬ ಪೂರ್ತಿ ಮಾಡಬೇಕಾದಾಗ, ಷಟ್ಪದಿಯ ಗತ್ತು ಉಪಯೋಗಕ್ಕೆ ಬರುವುದಿಲ್ಲ. ಮುಗಿಯದಿರುವುದೇ ದೋಷವೆನಿಸಿದ್ದ ಛಂದಸ್ಸು ನಾಟಕಕ್ಕೆ ಒದಗಿದ್ದು ಅದೇ ಗುಣದಿಂದ.

‘ಸರಳ ರಗಳೆ’ ಎಂಬ ಹೆಸರನ್ನು ಇವತ್ತಿನ ಆಡುಮಾತಿನಲ್ಲಿ ಕೇಳಿದರೆ ಬಗೆಹರಿಯಬಹುದಾದ ತಂಟೆ ಎನ್ನಿಸೀತು. ಪಾಠ ಮಾಡುವ ಮೇಷ್ಟ್ರುಗಳಲ್ಲಿ ಒಂದು ಬಿನ್ನಹ: ನಗುವ ಮಕ್ಕಳನ್ನು ತಡೆಯಬೇಡಿ. ಪ್ರಸ್ತಾರ ಹಾಕಿ ಗಣ ಎಣಿಸುವುದು ನಾಳೆಗಿರಲಿ. ಮೊದಲು ಗುಂಡಯ್ಯನ ಕುಣಿತವನ್ನು ಗಟ್ಟಿಯಾಗಿ, ಬೆಂಚು ಬಡಿದುಕೊಂಡೇ ಓದಿಸಿ.