ಸ್ಪೀಕರಿನ ತಂತಿಯೂ ಕಿವಿಯ ಸಾಕ್ಷ್ಯವೂ

1970ರ ದಶಕದ ನಡುಗಾಲದವರೆಗೆ ಅಮೆರಿಕದ ಮನೆಗಳಲ್ಲಿ ಆಂಪ್ಲಿಫೈಯರಿನಿಂದ ಸ್ಪೀಕರಿಗೆ ಸಾಮಾನ್ಯವಾಗಿ ಎಳೆಯುತ್ತಿದ್ದುದು ಮೇಜಿನ ದೀಪಕ್ಕೆ ಬಳಸುವ ಜೋಡಿ ವೈರನ್ನೇ. ಅದಕ್ಕೂ ಒಂದು ನಾದಗುಣವಿರಬಹುದೆಂದು ಕೊಳ್ಳುವವರು ಯೋಚಿಸುತ್ತಿದ್ದುದು ಅಪರೂಪ. ಲಾರೆನ್ಸ್ ಲಿವರ್‌ಮೋರ್ ಪ್ರಯೋಗಾಲಯದಲ್ಲಿ ಎಂಜಿನಿಯರ್ ಆಗಿದ್ದ ನೋಯೆಲ್ ಲೀ ಬಗೆಬಗೆಯ ತಂತಿಗಳನ್ನು ಹೋಲಿಸಿ ಕೇಳಿ, ಆ ದಶಕದ ಕೊನೆಗೆ ದಪ್ಪ ತಾಮ್ರದ ಕೇಬಲ್ಲನ್ನು ಮಾನ್‌ಸ್ಟರ್ ಎಂಬ ಹೆಸರಿನಲ್ಲಿ ಮಾರತೊಡಗಿದ ಮೇಲೆ, ಬಿಡಿ ಸಾಮಾನಾಗಿದ್ದ ತಂತಿ ಸಂಗೀತೋಪಕರಣಗಳ ಸಾಲಿಗೆ ಸೇರಿತು.

ದಪ್ಪ ತಂತಿಯ ಪರವಾದ ವಾದದಲ್ಲಿ ಹುರುಳಿತ್ತೆಂಬುದನ್ನು ಒಪ್ಪಲೇಬೇಕು. ತಂತಿ ತೆಳುವಾದಷ್ಟೂ ಉದ್ದವಾದಷ್ಟೂ ಅದರ ರೋಧ, ಎಂದರೆ ವಿದ್ಯುತ್ಪ್ರವಾಹಕ್ಕೆ ಅದು ಒಡ್ಡುವ ತಡೆ, ಹೆಚ್ಚುತ್ತದೆ. ಸ್ಪೀಕರಿನ ಮೇಲೆ 8 ಓಮ್ ಎಂದು ಬರೆದಿದ್ದರೂ ಅದರ ತಡೆ ಕಂಪನಾಂಕಕ್ಕೆ ತಕ್ಕಂತೆ ಏರಿಳಿಯುವುದರಿಂದ, ತಂತಿಯಲ್ಲಿ ಸೋರಿಹೋಗುವ ಪಾಲೂ ಸ್ವರದಿಂದ ಸ್ವರಕ್ಕೆ ಬೇರೆಯಾಗಿ, ನಾದದ ಸಮತೋಲ ತುಸು ವಾಲುತ್ತದೆ. 18 ಗೇಜಿನ ದೀಪದ ವೈರನ್ನು 5 ಮೀಟರ್ ದೂರಕ್ಕೆ ಎಳೆದರೆ ಹೋಗಿಬರುವ ಎರಡು ಎಳೆಗಳ ರೋಧ ಸುಮಾರು 0.2 ಓಮ್, ಇನ್ನೂ ತೆಳ್ಳಗಿನ 24 ಗೇಜಿನ ತಂತಿಯಲ್ಲಿ ಅದರ ನಾಲ್ಕು ಪಟ್ಟು.

1983ರ ಆಗಸ್ಟ್‌ನಲ್ಲಿ ಸ್ಟೀರಿಯೋ ರಿವ್ಯೂ ಪತ್ರಿಕೆ ಪ್ರಕಟಿಸಿದ, ಲಾರೆನ್ಸ್ ಗ್ರೀನ್‌ಹಿಲ್ ನಡೆಸಿದ ಪರೀಕ್ಷೆಯ ಮಹತ್ವ ಇಲ್ಲಿದೆ: ಯಾವ ತಂತಿಯೆಂದು ತಿಳಿಸದೆ ಕೇಳಿಸಿದಾಗ, ಪಿಂಕ್ ನಾಯ್ಸ್ ಎಂಬ, ಎಲ್ಲ ಸ್ಥಾಯಿಗಳಲ್ಲೂ ಸಮಶಕ್ತಿಯುಳ್ಳ ಮೊರೆತದಲ್ಲಿ 24 ಗೇಜಿನ ತಂತಿಯನ್ನು ಕೇಳುಗರು ಬೇರೆಯೆಂದು ಗುರುತಿಸಿದರು, ಆದರೆ ಸಂಗೀತ ನುಡಿಸಿದಾಗ 16 ಗೇಜಿನ ದೀಪದ ವೈರಿಗೂ ಮಾನ್‌ಸ್ಟರ್ ಕೇಬಲ್ಲಿಗೂ ವ್ಯತ್ಯಾಸ ಹಿಡಿಯಲಾಗಲಿಲ್ಲ. ಕಿವಿಗೆ ಮುಟ್ಟಿದ್ದು ತಂತಿಯ ಗಾತ್ರವೇ ಹೊರತು ಅದರ ಹೆಸರಲ್ಲ. ಇಷ್ಟಾದರೂ ದುಬಾರಿ ಕೇಬಲ್ಲುಗಳ ವ್ಯಾಪಾರ ಬೆಳೆಯುತ್ತಲೇ ಹೋಯಿತು.

ತಂತಿಯ ಗುಣ ನಿಜವಾಗಿಯೂ ನಿರ್ಣಾಯಕವಾಗುವ ಜಾಗ ಬೇರೆಯೇ ಇದೆ, ಅದರ ಅರಿವೂ ಮಾನ್‌ಸ್ಟರಿಗಿಂತ ಹಳೆಯದು. 1970ರ ದಶಕದ ಆರಂಭದಲ್ಲಿ ಜೆವಿಸಿ ಸಂಸ್ಥೆ ತಂದ ಸಿಡಿ-4 ಎಂಬ ನಾಲ್ಕು ವಾಹಿನಿಯ ಧ್ವನಿಮುದ್ರಿಕೆಗಳು ಮುಂದಿನ ಮತ್ತು ಹಿಂದಿನ ಸ್ಪೀಕರುಗಳ ನಾದವನ್ನು ಬೇರ್ಪಡಿಸಬೇಕಾದ ಸಂಕೇತವನ್ನು 30 ಕಿಲೋಹರ್ಟ್ಸ್‌ನ ವಾಹಕ ಅಲೆಯ ಮೇಲೆ ಹೊತ್ತಿದ್ದವು. ಧಾರಕತೆ, ಎಂದರೆ ಅಕ್ಕಪಕ್ಕದ ವಾಹಕಗಳು ವಿದ್ಯುದಾವೇಶವನ್ನು ಹಿಡಿದಿಟ್ಟುಕೊಳ್ಳುವ ಗುಣ, ಹೆಚ್ಚಿದ್ದ ಕೇಬಲ್ಲು ಆ ಎತ್ತರದ ಕಂಪನಗಳನ್ನು ದಾರಿಯಲ್ಲೇ ಕುಗ್ಗಿಸಿಬಿಡುತ್ತಿದ್ದುದರಿಂದ, ಟರ್ನ್‌ಟೇಬಲ್ಲುಗಳಿಗೆ ಕಡಿಮೆ ಧಾರಕತೆಯ ತಂತಿಯನ್ನೇ ಜೋಡಿಸಬೇಕಾಯಿತು. ಆ ಮುದ್ರಿಕೆಗಳು ದಶಕ ಮುಗಿಯುವ ಮೊದಲೇ ಮರೆಯಾದವು. ಆದರೆ ಟರ್ನ್‌ಟೇಬಲ್ಲಿನ ಸೂಜಿಯನ್ನು ಹೊತ್ತ, ಚಲಿಸುವ ಅಯಸ್ಕಾಂತವುಳ್ಳ ಕಾರ್ಟ್ರಿಜ್ಜಿಗೆ ತಯಾರಕರು ಇಂದಿಗೂ ಪೈಕೋಫ್ಯಾರಡ್‌ಗಳಲ್ಲಿ ಸೂಚಿಸುವ ಧಾರಕತೆಯ ಅಳತೆಯಲ್ಲಿ ಕೇಬಲ್ಲಿನ ಪಾಲೂ ಸೇರಿರುತ್ತದೆ.