ನೆರೆ, ಭೂಕುಸಿತದ ಜಾಗಕ್ಕೆ ಸಹಾಯಕ್ಕೆ ಹೊರಟ್ರಾ? ಬ್ಯಾಗ್‌ನಲ್ಲಿ ಇವು ಇರಲಿ

2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡ ಕುಸಿದಾಗ ಚೂರಲ್‌ಮಲದ ಸೇತುವೆಯೇ ಕೊಚ್ಚಿಹೋಗಿತ್ತು. ಇಂಥ ಕಡೆ ಸ್ವಯಂಸೇವಕರಾಗಿ ಹೋಗೋರು ಅಲ್ಲೇ ಅಂಗಡಿ ಸಿಗುತ್ತೆ ಅಂದ್ಕೊಂಡು ಹೊರಡಬಾರದು. ಮೂರು ದಿನದ ಊಟ ಸ್ವಂತದ್ದೇ ಇರಬೇಕು. ಇಲ್ಲಾಂದ್ರೆ ಸಂತ್ರಸ್ತರ ತಟ್ಟೆಗೇ ಕೈ ಹಾಕಿದಂತೆ. ಅವಲಕ್ಕಿ, ಬೆಲ್ಲ, ಹುರಿಗಡಲೆ, ಖರ್ಜೂರ ಸಾಕು, ಒಲೆ ಬೇಕಿಲ್ಲ. ನೀರಿನ ಬಾಟಲಿ ಜತೆ ಕ್ಲೋರಿನ್ ಮಾತ್ರೆ ಇರಲಿ.

ಜೀನ್ಸ್ ಬೇಡವೇ ಬೇಡ. ನೆಂದ್ರೆ ಭಾರ, ಬೇಗ ಒಣಗಲ್ಲ. ಎರಡು ಟ್ರ್ಯಾಕ್ ಪ್ಯಾಂಟ್, ನಾಲ್ಕು ಜೊತೆ ಸಾಕ್ಸ್ ಪ್ಲಾಸ್ಟಿಕ್ ಕವರ್‌ನಲ್ಲಿ ಕಟ್ಟಿಡಿ.

ಹೆಚ್ಚಿನವರು ಮರೆಯೋದು ಕಾಲನ್ನು. ಇಲಿ ಮೂತ್ರ ಸೇರಿದ ನೆರೆ ನೀರು ಸಣ್ಣ ಗಾಯಕ್ಕೆ ತಗುಲಿದರೂ ಇಲಿ ಜ್ವರ ಬರಬಹುದು, ಜೀವಕ್ಕೂ ಅಪಾಯ. ಹೊರಡೋ ಮೊದಲೇ ಆಸ್ಪತ್ರೆಯಲ್ಲಿ ಡಾಕ್ಸಿಸೈಕ್ಲಿನ್ ಮಾತ್ರೆ, ಟಿಟಿ ಇಂಜೆಕ್ಷನ್ ಬಗ್ಗೆ ಕೇಳಿ. ಗಮ್‌ಬೂಟು ಕೆಸರಿಗೆ ಸರಿ. ಹರಿಯೋ ನೀರಿಗೆ ಇಳಿದ್ರೆ ಒಳಗೆ ನೀರು ತುಂಬಿ ಕಾಲೇ ಎತ್ತೋಕಾಗಲ್ಲ.

ತಲೆಗೆ ಕಟ್ಟೋ ಟಾರ್ಚ್, ಪವರ್ ಬ್ಯಾಂಕ್ ಇರಲಿ. ಮನೆಯವರ ನಂಬರ್, ರಕ್ತದ ಗುಂಪು ಚೀಟಿಯಲ್ಲಿ ಬರೆದು ಜೇಬಿನಲ್ಲಿಡಿ.

ಹೋಗುವ ಜಿಲ್ಲೆಯ ಎಸ್‌ಟಿಡಿ ಕೋಡ್ ಸೇರಿಸಿ 1077ಕ್ಕೆ ಕರೆ ಮಾಡಿ, ಜನ ಬೇಕಾ ಅಂತ ಕೇಳಿ. ಬೇಡ ಅಂದ್ರೆ ಬ್ಯಾಗ್ ಬಿಚ್ಚಿಡಿ.